ಏಳುನೂರ ಹನ್ನೆರಡನೆಯ ಹಲಗೆ

ಆ ಊರಲ್ಲಿ ಹಲಗೆಯ ಮೇಲೆ ಇದ್ದದ್ದು ಇರುತ್ತಿತ್ತು. ಹಲಗೆಯ ಮೇಲೆ ಇಲ್ಲದ್ದು ಇರುತ್ತಿರಲಿಲ್ಲ.

ಊರ ನಡುವೆ ಒಂದು ಉದ್ದನೆಯ ಮನೆ. ಅದಕ್ಕೆ ಸಾಲುಮನೆ ಅನ್ನುತ್ತಿದ್ದರು. ಒಳಗೆ ಕೋಣೆಗಳು. ಜನರದ್ದು ಒಂದು ಕೋಣೆ. ಮನೆಗಳದ್ದು ಒಂದು. ಬಾವಿಗಳದ್ದು, ಮರಗಳದ್ದು, ಹಸುಗಳದ್ದು ಬೇರೆ ಬೇರೆ. ಗೋಡೆಯ ತುಂಬ ಸಾಲು ಸಾಲು ಮೊಳೆ, ಮೊಳೆಗೊಂದು ಹಲಗೆ. ಅಂಗೈ ಅಗಲ, ಒಂದು ಮೊಳ ಉದ್ದ. ಒಂದು ಹಲಗೆಗೆ ಒಂದು ಜೀವ.

ಹಲಗೆಯ ತಲೆಯಲ್ಲಿ ಸಂಖ್ಯೆ. ಒಂದು ಸಂಖ್ಯೆ ಒಬ್ಬರಿಗೇ. ಅವರು ಹೋದ ಮೇಲೂ ಅದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಸಂಖ್ಯೆಯ ಕೆಳಗೆ ಹೆಸರು. ಹೆಸರಿನ ಕೆಳಗೆ ಕೆಲಸ. ಅದರ ಕೆಳಗೆ ಸಣ್ಣ ತೂತುಗಳು. ತೂತಿನಿಂದ ದಾರ.

ದಾರ ಒಂದು ಹಲಗೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಗಂಡನಿಂದ ಹೆಂಡತಿಗೆ. ಮನುಷ್ಯನಿಂದ ಅವನ ಮನೆಗೆ, ಗೋಡೆಯ ಕಿಂಡಿಯಲ್ಲಿ ತೂರಿ. ಮನೆಯಿಂದ ಬಾವಿಗೆ. ಹಸುವಿನಿಂದ ಹಾಲು ಕರೆಯುವವಳಿಗೆ. ಗಾಳಿ ಬಂದಾಗ ಸಾವಿರಾರು ದಾರ ಒಟ್ಟಿಗೆ ಅಲುಗಿ ಸಾಲುಮನೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಊರವರಿಗೆ ಆ ಸದ್ದು ಅಭ್ಯಾಸ. ಅದು ನಿಂತರೆ ಮಾತ್ರ ತಲೆ ಎತ್ತಿ ನೋಡುತ್ತಿದ್ದರು.

ಇದನ್ನೆಲ್ಲ ನೋಡಿಕೊಳ್ಳುವವನು ಒಬ್ಬನಿದ್ದ. ಸಾಲುಮನೆಯವನು. ಓದು ಅಷ್ಟಕ್ಕಷ್ಟೆ. ಸಂಖ್ಯೆ ಗೊತ್ತಿತ್ತು, ಹೆಸರು ಕೊರೆಯಲು ಬರುತ್ತಿತ್ತು. ಬೆಳಿಗ್ಗೆ ಎದ್ದು ಧೂಳು ಒರೆಸುವುದು. ಗೆದ್ದಲು ನೋಡುವುದು. ಸಡಿಲವಾದ ದಾರ ಬಿಗಿ ಮಾಡುವುದು. ಕೇಳಿ ಬಂದವರಿಗೆ ಅವರ ಹಲಗೆ ತೋರಿಸುವುದು. ಅವನಿಗೆ ಹಿಂದಿನವನು ಕಲಿಸಿದ್ದು ಕಡಿಮೆ ಮಾತಿನಲ್ಲಿ.

"ಒಂದು ಸಂಗತಿ ಒಂದೇ ಕಡೆ ಬರಿ. ಎರಡು ಕಡೆ ಬರೆದ್ರೆ ಒಂದು ದಿನ ಎರಡೂ ಜಗಳಾಡ್ತವೆ. ಆಮೇಲೆ ಊರು ಎರಡಾಗುತ್ತೆ."

"ಹೂಂ."

"ದಾರದ ತುದಿ ಗಾಳೀಲಿ ಬಿಡಬೇಡ. ಯಾರಾದ್ರೂ ಹೋದ್ರೆ, ಅವರಿಗೆ ಕಟ್ಟಿರೋ ದಾರ ಎಲ್ಲ ಬಿಚ್ಚಿ ಖಾಲಿ ಗೂಟಕ್ಕೆ ಕಟ್ಟು. ಆಮೇಲೆ ಹಲಗೆ ತೆಗಿ."

ಖಾಲಿ ಗೂಟ ಕೋಣೆಯ ಮೂಲೆಯಲ್ಲಿತ್ತು. ಅದರ ಮೇಲೆ ಸಂಖ್ಯೆ ಇಲ್ಲ, ಹೆಸರಿಲ್ಲ.

"ಖಾಲಿ ಅಂದ್ರೆ ಯಾರೂ ಇಲ್ಲ ಅಂತಾನಾ?" ಇವನು ಕೇಳಿದ್ದ.

"ಅಲ್ಲ. ಯಾರು ಅಂತ ಗೊತ್ತಿಲ್ಲ ಅಂತ."

ಬಾಗಿಲ ಹಿಂದೆ ಒಂದು ಕುಡುಗೋಲು ತೂಗುತ್ತಿತ್ತು. ದಾರ ಬಿಚ್ಚುವ ತಾಳ್ಮೆ ಇಲ್ಲದ ಯಾರೋ ಹಳಬ ಒಮ್ಮೆ ಅದನ್ನು ಬಳಸಿದ್ದನಂತೆ. ಒಂದು ಹಲಗೆಯ ದಾರಗಳನ್ನು ಒಟ್ಟಿಗೆ ಹಿಡಿದು ಕೊಯ್ದನಂತೆ. ಆ ದಾರದ ಇನ್ನೊಂದು ತುದಿಯಲ್ಲಿ ಯಾರ‍್ಯಾರಿದ್ದರೋ ಅವರೂ ಹೋದರು, ಅವರಿಗೆ ಕಟ್ಟಿದವರೂ ಹೋದರು. ಊರ ತೆಂಕಣಕ್ಕೆ ಈಗಲೂ ಒಂದು ಬಯಲಿದೆ. ಸಂಜೆ ಅಲ್ಲಿ ಒಗ್ಗರಣೆಯ ವಾಸನೆ ಬರುತ್ತೆ. ಯಾರ ಮನೆಯದು ಅಂತ ಗೊತ್ತಿಲ್ಲ.

ಇನ್ನು ಗಂಟೆ. ಜನರ ಕೋಣೆಯಲ್ಲಿ ಒಂದು ಕಂಚಿನ ಗಂಟೆ ಇತ್ತು. ಹಲಗೆಗೆ ಕೈ ಹಾಕಿದ ಮೇಲೆ, ಏನು ಬದಲಿಸಬೇಕೋ ಎಲ್ಲ ಬದಲಿಸಿ, ಕೊನೆಗೆ ಗಂಟೆ ಹೊಡೆಯಬೇಕು. ಹೊಡೆದರೆ ಆದದ್ದು ಆಯಿತು. ಹೊಡೆಯುವ ಮೊದಲು ಕೈ ತೆಗೆದರೆ ಏನೂ ಆಗಿಲ್ಲ, ಎಲ್ಲ ಮೊದಲಿನ ಹಾಗೆ. ಕೈ ಇದ್ದು ಗಂಟೆ ಆಗದ ನಡುವಿನ ಹೊತ್ತಿನಲ್ಲಿ, ಊರಲ್ಲಿ ಬದಲಾದದ್ದು ಕೈ ಇಟ್ಟವನಿಗೆ ಮಾತ್ರ ಕಾಣುತ್ತದೆ. ಊರಿಗೆ ಹಳೆಯದೇ ಕಾಣುತ್ತಿರುತ್ತದೆ. ಆ ಹಲಗೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಕಾಯಬೇಕು.

ಸತ್ತವರ ಹಲಗೆಯನ್ನು ಗಂಟೆಯಾದ ಮೇಲೆ ಸಾಲುಮನೆಯ ಒಲೆಗೆ ಹಾಕುತ್ತಿದ್ದರು. ಆ ಬೆಂಕಿಯ ಮೇಲೆ ಏನೂ ಇಡಬಾರದು. ಬೂದಿ ತಣ್ಣಗಾಗುವಷ್ಟರಲ್ಲಿ ಆ ಹೆಸರು ಎಲ್ಲರ ಬಾಯಿಂದ ಹೋಗಿರುತ್ತಿತ್ತು. ಮುಖ ಕಣ್ಣಿಂದ ಹೋಗಿರುತ್ತಿತ್ತು. ಮಗ ತಾಯಿಯನ್ನು ಮರೆಯುತ್ತಿದ್ದ. ಅಳು ಅರ್ಧಕ್ಕೆ ನಿಲ್ಲುತ್ತಿತ್ತು. ಯಾಕೆ ಅಳುತ್ತಿದ್ದೆ ಅಂತ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಇದು ಒಳ್ಳೆಯದು ಅಂತಲೇ ಸಾಲುಮನೆಯವನು ತಿಳಿದಿದ್ದ. ಬಹಳ ವರ್ಷ ತಿಳಿದಿದ್ದ.

ಅವನ ಹೆಂಡತಿ ಊರ ಸೂಲಗಿತ್ತಿ. ಏಳುನೂರ ಹನ್ನೆರಡನೆಯ ಹಲಗೆ ಅವಳದು. ಆ ಊರಲ್ಲಿ ಬಸುರಿಗೆ ಐದು ತಿಂಗಳಾದಾಗ, ಹೊಟ್ಟೆಯಲ್ಲಿರುವುದಕ್ಕೆ ಒಂದು ದಾರ ಕಟ್ಟುತ್ತಿದ್ದರು, ಸೂಲಗಿತ್ತಿಯ ಹಲಗೆಗೆ. ಆ ದಾರ ಯಾರ ಹಲಗೆಯಲ್ಲಿದೆಯೋ ಅವಳ ಕೈಗೇ ಮಗು ಬರಬೇಕು. ಬೇರೆ ಕೈಗೆ ಬರುವುದಿಲ್ಲ. ಹುಟ್ಟಿದ ಮೇಲೂ ಆ ದಾರ ಇರುತ್ತಿತ್ತು. ಅವಳ ಹಲಗೆಯಲ್ಲಿ ಮುನ್ನೂರ ನಲವತ್ತಮೂರು ದಾರ ಇದ್ದವು. ಹಲಗೆ ಕಾಣುತ್ತಲೇ ಇರಲಿಲ್ಲ. ಜಡೆ ಬಿಚ್ಚಿ ಇಳಿಬಿಟ್ಟ ಹಾಗಿತ್ತು.

ಕರೆ ಬಂದರೆ ಅವನು ನೀರು ಕಾಯಿಸುತ್ತಿದ್ದ. ಅವಳು ಮೊಣಕೈ ಅದ್ದಿ ನೋಡುತ್ತಿದ್ದಳು. "ಇನ್ನೊಂಚೂರು" ಅನ್ನುತ್ತಿದ್ದಳು. ಯಾವಾಗಲೂ ಹಾಗೇ ಅನ್ನುತ್ತಿದ್ದಳು. ಅವನು ಒಮ್ಮೆಯೂ ಮೊದಲ ಸಲಕ್ಕೆ ಸರಿಯಾಗಿ ಕಾಯಿಸಲಿಲ್ಲ.

ಅವಳಿಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಮಧ್ಯಾಹ್ನ ಹೋದಳು.

ಅವನು ಯಾರಿಗೂ ಹೇಳಲಿಲ್ಲ. ಸಾಲುಮನೆಗೆ ಹೋದ. ಏಳುನೂರ ಹನ್ನೆರಡಕ್ಕೆ ಬಲಗೈ ಹಾಕಿದ. ದಾರಗಳ ಸಮೇತ ಮೊಳೆಯಿಂದ ಇಳಿಸಿದ. ಇಳಿಸಿದ ಕ್ಷಣ ಮನೆಯ ಮಂಚ ಖಾಲಿಯಾಯಿತು. ಅದು ಅವನಿಗೆ ಇಲ್ಲಿಂದಲೇ ಗೊತ್ತಾಯಿತು.

ಈಗ ದಾರ ಬಿಚ್ಚಬೇಕು. ಗಂಟೆ ಹೊಡೆಯಬೇಕು. ಗಂಟೆ ಕೈಗೆ ಎಟಕುವಷ್ಟು ಹತ್ತಿರವಿತ್ತು.

ಅವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತ. ಮೇಲೆ ಟವೆಲ್ ಮುಚ್ಚಿದ.

ಸಂಜೆ ಕುಂಬಾರ ಬಂದ. ಅವನ ಮಗಳು ಬಸುರಿ, ಒಂಬತ್ತು ತುಂಬಿತ್ತು.

"ಏನಣ್ಣ, ನೆಲಕ್ಕೆ ಕೂತ್ಬಿಟ್ಟೆ? ಅತ್ತಿಗೆ ಈಗ ತಾನೆ ಬಾವಿ ಹತ್ರ ಸಿಕ್ಕಿದ್ರು. ಮಗಳಿಗೆ ದಿನ ತುಂಬಿದೆ, ಬಂದು ನೋಡಿ ಅಂದೆ. ಬರ್ತೀನಿ ನಡಿ ಅಂದ್ರು."

ಸಾಲುಮನೆಯವನ ಕೈ ಟವೆಲ್ಲಿನ ಕೆಳಗೆ ಬಿಗಿಯಾಯಿತು.

"ಸಿಕ್ಕಿದ್ಲಾ?"

"ಸಿಗದೆ ಏನು? ಕಂಕುಳಲ್ಲಿ ಬೇವಿನ ಸೊಪ್ಪು ಇತ್ತು."

"ಯಾವ ಸೀರೆ?"

"ಸೀರೆ ಕೇಳ್ತಾನಲ್ಲಪ್ಪ! ಮನೇಲಿ ನೋಡಿಲ್ವಾ?"

"ಹೇಳು ಅಂದ್ರೆ."

"ಹಸಿರು. ಅಂಚು ಹರಿದಿದೆ. ಹೊಸದು ಕೊಡ್ಸು ಮಾರಾಯ, ಊರಿಗೆಲ್ಲ ಮಕ್ಕಳು ಹಿಡಿದು ಕೊಡ್ತಾರೆ, ಅವರಿಗೊಂದು ಸೀರೆ ಇಲ್ಲ."

ಅದು ಜ್ವರ ಬರುವ ಹಿಂದಿನ ದಿನದ ಸೀರೆ. ಅವತ್ತು ಬೇವಿನ ಸೊಪ್ಪು ತಂದಿದ್ದಳು. ಊರು ಅವಳನ್ನು ಕೊನೆಯ ಸಲ ಕಂಡದ್ದು ಅವತ್ತೇ. ಊರಿಗೆ ಆ ದಿನದ ಅವಳೇ ಕಾಣುತ್ತಿದ್ದಳು. ಎಲ್ಲರಿಗೂ ಕಾಣುತ್ತಿದ್ದಳು. ಅವನೊಬ್ಬನಿಗೆ ಕಾಣುತ್ತಿರಲಿಲ್ಲ.

ಅವನು ಗಂಟೆ ಹೊಡೆಯಲಿಲ್ಲ.

ಮರುದಿನ ಹಾಲಿನವಳು ಕಂಡಳಂತೆ. ಬರ್ತೀನಿ ನಡಿ ಅಂದಳಂತೆ. ಅದರ ಮರುದಿನ ಗಾರೆಯವನು ಕಂಡನಂತೆ. ಅದೇ ಸೀರೆ, ಅದೇ ಸೊಪ್ಪು. ಅವನು ಬಂದವರನ್ನೆಲ್ಲ ಕೇಳುತ್ತಿದ್ದ. ಯಾವ ಕಡೆ ಹೋದಳು? ತಲೆ ಬಾಚಿದ್ದಳಾ? ನಕ್ಕಳಾ? ಬೇರೆಯವರ ಕಣ್ಣಿಂದ ದಿನಕ್ಕೆ ಇಷ್ಟಿಷ್ಟು ತೆಗೆದುಕೊಂಡು ಬದುಕುತ್ತಿದ್ದ.

ಬಲಗೈ ಹಲಗೆಯ ಮೇಲೆ. ಎಡಗೈಯಲ್ಲಿ ಉಣ್ಣುತ್ತಿದ್ದ. ಕೂತಲ್ಲೇ ಒರಗಿ ನಿದ್ದೆ ಮಾಡುತ್ತಿದ್ದ, ನಿದ್ದೆಯಲ್ಲೂ ಕೈ ಬಿಡುತ್ತಿರಲಿಲ್ಲ.

ಊಟ ತರುತ್ತಿದ್ದವಳು ಬುಟ್ಟಿಯವಳು. ಪಕ್ಕದ ಮನೆಯವಳು, ಐವತ್ತು ದಾಟಿದವಳು. ಸೂಲಗಿತ್ತಿಯ ಹಿಂದೆ ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತವಳು. ಬುಟ್ಟಿಯಲ್ಲಿ ಹಳೆ ಬಟ್ಟೆ, ಎಣ್ಣೆ, ದಾರ, ಬ್ಲೇಡು. ಅವಳ ಹಲಗೆಯಲ್ಲಿ ಕೆಲಸ ಅಂತ ಇದ್ದದ್ದು ಅಷ್ಟೆ, ಬುಟ್ಟಿ ಹೊರುವುದು.

"ಏನ್ ಭಾವ, ಎಡಗೈಲಿ ಉಣ್ತೀಯ? ಬಲಗೈ ಅಡ ಇಟ್ಟಿದ್ದೀಯ?"

"ನೋವು."

"ಹೂಂ. ನೋವಂತೆ." ಮುದ್ದೆ ಮುರಿದು ತಟ್ಟೆಯ ಅಂಚಿಗಿಟ್ಟಳು. ಟವೆಲ್ಲನ್ನು ನೋಡಿದಳು. ಅದರ ಅಡಿಯಿಂದ ಹೊರಟ ನೂರಾರು ದಾರ ನೋಡಿದಳು. ತಟ್ಟೆಯನ್ನು ಅವನ ಎಡಗಡೆಗೆ ಸರಿಸಿದಳು.

ಜಗಲಿಯ ಮೇಲೆ ಕುಂಬಾರ ಕೂತಿದ್ದ. ಸೂಲಗಿತ್ತಿ ಬರುವವರೆಗೆ ಏಳುವುದಿಲ್ಲ ಅಂತ ಕೂತಿದ್ದ. ಅವನು ಕೂತಿದ್ದಕ್ಕೆ ಹೆಂಚು ಸುಡಲಿಲ್ಲ. ಹೆಂಚಿಗಾಗಿ ಗಾರೆಯವನು ಬಂದು ಅವನ ಪಕ್ಕ ಕೂತ. ಗಾರೆಯವನು ಮನೆ ಮುಗಿಸಲಿಲ್ಲ ಅಂತ, ಆ ಮನೆಗೆ ಮಗಳನ್ನು ಕೊಡಬೇಕಾದ ತಂದೆ ಬಂದು ಕೂತ. ಮದುವೆ ಆಗಲಿಲ್ಲ ಅಂತ ಓಲಗದವನು ಬಂದು ಕೂತ. ಹೀಗೆ ಸಾಲು ಬೆಳೆಯಿತು. ಜಗಲಿ ತುಂಬಿ ಬೀದಿಗೆ ಇಳಿಯಿತು. ಬೀದಿಯಿಂದ ಬಾವಿಯವರೆಗೆ ಹೋಯಿತು. ಒಬ್ಬೊಬ್ಬನೂ ತನ್ನ ಮುಂದಿನವನಿಗಾಗಿ ಕಾಯುತ್ತಿದ್ದ. ಮುಂದಿನವನು ಯಾತಕ್ಕೆ ಕಾಯುತ್ತಿದ್ದಾನೆ ಅಂತ ಗೊತ್ತಿರಲಿಲ್ಲ.

"ನೀನು ಯಾರಿಗೆ ಕಾಯ್ತಿದ್ದೀಯಪ್ಪ?" ಅಂತ ಬಾಲದಲ್ಲಿದ್ದವನು ಕೇಳುತ್ತಿದ್ದ.

"ಇವನಿಗೆ."

"ಇವನು?"

"ಅವನಿಗೆ. ನಿಂಗೇನು ಅವಸರ? ಕೂತ್ಕೋ. ವೀಳ್ಯದೆಲೆ ಇದೆಯಾ?"

ಓಲಗದವನು ತೊಡೆಯ ಮೇಲೆ ಬೆರಳಲ್ಲಿ ಬಾರಿಸುತ್ತಿದ್ದ. ಕುಂಬಾರ ಹಿಂದೆ ತಿರುಗಿ, "ನಿಲ್ಸೋ ಮಾರಾಯ, ಮದುವೆ ಆಗ್ಲಿ" ಅನ್ನುತ್ತಿದ್ದ.

ದಿನ ಹೋಯಿತು. ಅಮಾವಾಸ್ಯೆ ಬಂತು, ಹೋಯಿತು. ಇನ್ನೊಂದು ಬಂತು. ಕುಂಬಾರನ ಮಗಳಿಗೆ ಹತ್ತು ತುಂಬಿ ಹನ್ನೊಂದಕ್ಕೆ ಬಿತ್ತು. ಹೊಟ್ಟೆ ಹಾಗೇ ಇತ್ತು.

ಒಂದು ಬೆಳಿಗ್ಗೆ ಬುಟ್ಟಿಯವಳು ಊಟವಿಲ್ಲದೆ ಬಂದಳು. ಬುಟ್ಟಿ ತಂದಿದ್ದಳು. ಅವನ ಮುಂದೆ ಇಟ್ಟಳು.

"ನಿನ್ನೆ ನಂಗೂ ಅಕ್ಕ ಕಂಡ್ಲು ಭಾವ."

ಅವನು ತಲೆ ಎತ್ತಿದ. "ಏನಂದ್ಲು?"

"ಬರ್ತೀನಿ ನಡಿ ಅಂದ್ಲು. ನಾನು ಮುಂದೆ ನಿಂತೆ, ಎರಡೂ ಕೈ ಚಾಚ್ದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಂಡ ಕೂಡ್ಲೆ ಕೈಲಿರೋದನ್ನ ನನ್ನ ಕೈಗೆ ಕೊಡದೆ ಅಕ್ಕ ಮುಂದೆ ಹೋದೋಳಲ್ಲ. ಒಂದು ಸೊಪ್ಪಿನ ಕಡ್ಡಿ ಇದ್ರೂ ಕೊಡ್ತಿದ್ಲು. ಇವಳು ಕೊಡ್ಲಿಲ್ಲ. ನನ್ನೊಳಗೇ ಹಾದು ಹೋದ್ಲು."

ಸಾಲುಮನೆಯವನು ಟವೆಲ್ಲಿನ ಅಂಚು ಎಳೆದುಕೊಂಡ.

"ಅದು ಅಕ್ಕ ಅಲ್ಲ. ಅಕ್ಕ ಎಲ್ಲಿದ್ದಾಳೆ ಅಂತ ನಂಗೊತ್ತು. ಟವೆಲ್ ತೆಗಿ."

ಅವನು ತೆಗೆಯಲಿಲ್ಲ. ಅವಳೇ ತೆಗೆದಳು. ಹಲಗೆ ಕಂಡಿತು, ಹಲಗೆಯ ಮೇಲೆ ಅವನ ಕೈ ಕಂಡಿತು. ಬೆರಳು ಬೆಳ್ಳಗಾಗಿ ಹಲಗೆಗೆ ಅಂಟಿದ ಹಾಗಿದ್ದವು.

ಬುಟ್ಟಿಯವಳು ನೆಲಕ್ಕೆ ಕೂತಳು. ಸ್ವಲ್ಪ ಹೊತ್ತು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಕೇಳಿದಳು. "ಯಾವಾಗ?"

"ಎರಡು ತಿಂಗಳಾಯ್ತು."

"ಒಬ್ಬನೇ ಇಟ್ಕೊಂಡಿದ್ದೀಯ ಎರಡು ತಿಂಗಳು."

"ಗಂಟೆ ಹೊಡೆದ್ರೆ ಸುಡಬೇಕು. ಸುಟ್ರೆ ಮರೀತೀನಿ. ನಾನೂ ಮರೀತೀನಿ."

"ಎಲ್ಲರೂ ಮರೀತಾರೆ ಭಾವ. ನಾನು ನನ್ನ ಗಂಡನ್ನ ಮರೆತಿಲ್ವಾ? ಇದ್ದ ಅಂತ ಗೂಟದಲ್ಲಿರೋ ನನ್ನ ದಾರ ಹೇಳುತ್ತೆ, ಅಷ್ಟೆ."

"ಅದಕ್ಕೇ."

ಅವನು ತುಂಬಾ ದಿನದಿಂದ ಯೋಚಿಸಿದ್ದನ್ನು ಹೇಳಿದ. ಹಲಗೆಯನ್ನು ಮತ್ತೆ ಮೊಳೆಗೆ ಹಾಕಿ ಕೈ ತೆಗೆದುಬಿಟ್ಟರೆ? ಏನೂ ಆಗಿಲ್ಲ ಅಂತ ಆಗುತ್ತದೆ. ಅವನಿಗೂ ಕಾಣುತ್ತಾಳೆ.

"ಕಾಣ್ತಾಳೆ. ಸೊಪ್ಪು ಹಿಡ್ಕೊಂಡು ಬರ್ತೀನಿ ನಡಿ ಅಂತಾಳೆ. ನೀನು ನೀರು ಕಾಯಿಸಿಟ್ಕೊಂಡು ಕೂರ್ತೀಯ. ಎಷ್ಟು ವರ್ಷ ಕೂರ್ತೀಯ?"



ನನ್ನ ಹಲಗೆಯ ಬೆನ್ನಿಗೆ ಅವಳ ಹೆಸರು ಕೊರೆದುಕೊಳ್ಳುತ್ತೇನೆ ಅಂದ. ಕೊರೆಯುವ ಉಳಿ ಪಕ್ಕದಲ್ಲೇ ಇತ್ತು.

"ಎರಡು ಕಡೆ ಬರಿಬಾರದು ಅಂತ ನೀನೇ ಊರಿಗೆ ಹೇಳೋದು."

ಆಗ ಬಾಗಿಲಲ್ಲಿ ನೆರಳು ಬಿತ್ತು. ಕುಂಬಾರನ ಮಗಳು. ಗೋಡೆ ಹಿಡಿದು ನಡೆದು ಬಂದಿದ್ದಳು. ಅವಳ ತಂದೆ ಹಿಂದಿನಿಂದ, "ಬೇಡ್ವೇ, ಕೂತ್ಕೊಳೇ" ಅನ್ನುತ್ತಿದ್ದ.

ಅವಳು ಒಳಗೆ ಬಂದು ಕಂಬಕ್ಕೆ ಒರಗಿದಳು. ಉಸಿರು ಬಿಟ್ಟಳು.

"ಮಾವ. ಒಳಗಿರೋದು ನಿನ್ನೆಯಿಂದ ಒದೀತಿಲ್ಲ."

ಸಾಲುಮನೆಯ ಗುಂಯ್ ಸದ್ದು ನಿಂತಿತು. ಹೊರಗೆ ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿದರು.

"ನಾನು ಕೈ ಇಟ್ಟು ನೋಡ್ದೆ ಭಾವ, ಬೆಳಿಗ್ಗೆ," ಬುಟ್ಟಿಯವಳು ಮೆಲ್ಲಗೆ ಅಂದಳು. "ಹೊಟ್ಟೆ ಕಲ್ಲಾಯ್ತು. ದಾರ ಅಕ್ಕನ ಹಲಗೇಲಿದೆ. ನನ್ನ ಕೈಗೆ ಬರಲ್ಲ. ಮಗು ಇವಳ ಹೊಟ್ಟೇಲಿ ಸಿಕ್ಕೊಂಡಿಲ್ಲ. ನಿನ್ನ ಕೈಲಿ ಸಿಕ್ಕೊಂಡಿದೆ."

ಅವನು ಹುಡುಗಿಯನ್ನು ನೋಡಿದ. ಇವಳು ಹುಟ್ಟಿದ ದಿನವೂ ಅವನೇ ನೀರು ಕಾಯಿಸಿದ್ದ. ಹೆಂಡತಿ ಇನ್ನೊಂಚೂರು ಅಂದಿದ್ದಳು.

ಮುನ್ನೂರ ನಲವತ್ತಮೂರು ದಾರ. ಒಂದೇ ಕೈ, ಅದೂ ಎಡಗೈ. ಒಂದೊಂದು ಗಂಟು ಬಿಚ್ಚಿ ಗೂಟಕ್ಕೆ ಕಟ್ಟುವಷ್ಟರಲ್ಲಿ ನಾಳೆಯಾಗುತ್ತದೆ. ಅಷ್ಟು ಹೊತ್ತು ಇಲ್ಲ. ಅವನ ಕಣ್ಣು ಬಾಗಿಲ ಹಿಂದೆ ಹೋಯಿತು. ಕುಡುಗೋಲು. ಒಂದೇ ಎಳೆತ. ಅವನ ದಾರವೂ ಅದರಲ್ಲಿದೆ, ಅವನೂ ಹೋಗುತ್ತಾನೆ, ಮರೆಯುವುದು ಅಂತ ಇರುವುದೇ ಇಲ್ಲ. ಹಲಗೆ ಎದೆಗೆ ಅವಚಿಕೊಂಡು ಎದ್ದ. ಮೊಣಕಾಲು ಲಟಕ್ ಅಂದವು. ಕುಡುಗೋಲಿನ ಹಿಡಿ ಮುಟ್ಟಿದ. ತಣ್ಣಗಿತ್ತು.

"ಭಾವ," ಬುಟ್ಟಿಯವಳು ಅಂದಳು. "ಆ ದಾರದಲ್ಲಿ ಈ ಹುಡುಗಿದೂ ಇದೆ."

ಅವನು ಕೈ ಕೆಳಗಿಳಿಸಿದ.

ಜಗಲಿಯ ಕಡೆ ತಿರುಗಿ ಅಂದ, "ಒಳಗೆ ಬನ್ನಿ. ಎಲ್ಲರೂ ಬನ್ನಿ. ನನ್ನ ಹೆಂಡ್ತಿ ಕೈಗೆ ಹುಟ್ಟಿದೋರು ಎಲ್ಲ ಬನ್ನಿ. ನಿಮ್ಮ ನಿಮ್ಮ ದಾರ ನೀವೇ ಬಿಚ್ಚಿ."

ಹಾಗೆ ಯಾರೂ ಯಾವತ್ತೂ ಮಾಡಿರಲಿಲ್ಲ. ಹಲಗೆ ಮುಟ್ಟಬಾರದು ಅಂತಿತ್ತು, ದಾರ ಬಿಚ್ಚಬಾರದು ಅಂತ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಸಾಲು ಎದ್ದಿತು. ಬಾವಿಯಿಂದ, ಬೀದಿಯಿಂದ, ಜಗಲಿಯಿಂದ ಎದ್ದು ಒಳಗೆ ಬಂತು. ಹಲಗೆ ನೋಡಿದರು. ಓದಲು ಬಾರದವರಿಗೂ ತಿಳಿಯಿತು.

"ಬೆಳಿಗ್ಗೆ ತಾನೆ ಬಾವಿ ಹತ್ರ..." ಅಂತ ಕುಂಬಾರ ಶುರು ಮಾಡಿ ನಿಲ್ಲಿಸಿದ. ತಲೆಯ ಮೇಲಿನ ಟವೆಲ್ ತೆಗೆದ.

"ನಾಳೆ ನೆನಪಿರಲ್ಲ ಅಲ್ವಾ?" ಗಾರೆಯವನು ಕೇಳಿದ.

"ಇರಲ್ಲ."

"ಹಾಗಾದ್ರೆ ಈಗ್ಲೇ ಹೇಳ್ಬಿಡ್ತೀನಿ. ನಾನು ಕಾಲು ಮುಂದಾಗಿ ಬಂದೋನಂತೆ. ಇವನು ಓಡಿ ಹೋಗೋಕೇ ಬಂದಿದ್ದಾನೆ ಅಂದಿದ್ರಂತೆ." ಗಂಟು ಬಿಚ್ಚಿದ. ದಾರ ಒಯ್ದು ಖಾಲಿ ಗೂಟಕ್ಕೆ ಕಟ್ಟಿದ.

"ನಾನು ಅಳ್ಲಿಲ್ವಂತೆ," ಹಾಲಿನವಳು ಅಂದಳು. "ಬೆನ್ನಿಗೆ ಎರಡು ಬಿಟ್ರಂತೆ. ಅದಕ್ಕೇ ಇವತ್ತಿಗೂ ಬಾಯಿ ಮುಚ್ಚಲ್ಲ ಅಂತ ನಮ್ಮತ್ತೆ ಅಕ್ಕನ್ನೇ ಬೈತಾಳೆ."

"ನಮ್ಮವ್ವನ ಹತ್ರ ಕೊಡೋಕೆ ಏನೂ ಇರ್ಲಿಲ್ಲ. ಒಂದು ಕುಂಬಳಕಾಯಿ ಕೊಟ್ಲಂತೆ. ಅರ್ಧ ಕೊಯ್ದು ವಾಪಸ್ ಕೊಟ್ರಂತೆ," ಅಂದ ಸಾಲಿನ ಇನ್ನೊಬ್ಬ.

"ಯಾರ ಕೈಗೆ ಹುಟ್ದೆ ಅಂತ ನಾಳೆ ನನ್ನ ಮಗ ಕೇಳಿದ್ರೆ ಏನನ್ಲಿ?" ಅಂತ ಓಲಗದವನು ಕೇಳಿದ.

"ಗೊತ್ತಿಲ್ಲ ಅನ್ನು," ಸಾಲುಮನೆಯವನು ಅಂದ.

"ಅದೂ ಸುಳ್ಳಲ್ಲ ಬಿಡು." ಓಲಗದವನು ಮೂಗು ಒರೆಸಿಕೊಂಡು ತನ್ನ ದಾರ ಬಿಚ್ಚಿದ.

ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಹಲಗೆ ಬರಿದಾಯಿತು. ಮೂಲೆಯ ಗೂಟ ಜೇನುಗೂಡಿನಷ್ಟು ದಪ್ಪವಾಯಿತು. ಬುಟ್ಟಿಯವಳ ಹಲಗೆಯನ್ನು ತಂದು ಮುಂದೆ ಹಿಡಿದರು. ಅವನು ಎಡಗೈಯಲ್ಲಿ ಉಳಿ ಹಿಡಿದು, ಬುಟ್ಟಿ ಹೊರುವುದು ಅನ್ನುವುದನ್ನು ಕೆರೆದು ತೆಗೆದು, ಸೂಲಗಿತ್ತಿ ಅಂತ ಕೊರೆದ. ಅಕ್ಷರ ಸೊಟ್ಟಗಾಯಿತು. ಕುಂಬಾರನ ಮಗಳ ಹೊಟ್ಟೆಯ ದಾರವನ್ನು ಆ ಹಲಗೆಗೆ ಕಟ್ಟಿದ.

ಇನ್ನು ಒಂದು ದಾರ ಉಳಿದಿತ್ತು. ಅವನದು. ಎಲ್ಲಕ್ಕಿಂತ ಹಳೆಯ ಗಂಟು. ಎಡಗೈಯ ಉಗುರಿಗೆ ಬಗ್ಗಲಿಲ್ಲ. ಬಾಯಿ ಹತ್ತಿರ ತಂದು ಹಲ್ಲಿನಲ್ಲಿ ಕಚ್ಚಿ ಬಿಡಿಸಿದ. ದಾರ ಬಿಚ್ಚಿಕೊಂಡರೂ ನೆಟ್ಟಗಾಗಲಿಲ್ಲ. ಕಟ್ಟಿದ್ದ ಸುತ್ತು ಹಾಗೇ ಉಳಿದಿತ್ತು. ಅದನ್ನೂ ಗೂಟಕ್ಕೆ ಕಟ್ಟಿದ.

ಹಲಗೆಯ ಮೇಲಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿದ. ಆ ಹೆಸರು ಏನು ಅಂತ ಈಗ ಯಾರೂ ಹೇಳಲಾರರು.

ಗಂಟೆ ಹೊಡೆದ.

ಬಾವಿಯ ಹತ್ತಿರ, ಬೇವಿನ ಸೊಪ್ಪು ಹಿಡಿದು ನಡೆಯುತ್ತಿದ್ದವಳು ಇಲ್ಲವಾದಳು. ಸೊಪ್ಪಿನ ವಾಸನೆ ಒಂದು ಗಳಿಗೆ ನಿಂತಿತು. ಅದೂ ಹೋಯಿತು.

ಕುಂಬಾರನ ಮಗಳು ಕಂಬ ಹಿಡಿದು "ಅವ್ವಾ" ಅಂದಳು. ಅವಳನ್ನು ಎತ್ತಿಕೊಂಡು ಮನೆಗೆ ಓಡಿದರು. ಕುಂಬಾರ ಬಾಗಿಲಿಂದ ಹಿಂದೆ ನೋಡಿ ಕೂಗಿದ, "ಸೂಲಗಿತ್ತಿ ಬೇಗ ಬಾರಮ್ಮ!"

ಬುಟ್ಟಿಯವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು. "ಬರ್ತೀನಿ ನಡಿ," ಅಂದಳು. ಹೋದಳು.

ಸಾಲುಮನೆಯವನು ಒಬ್ಬನೇ ಉಳಿದ. ಹಲಗೆಯನ್ನು ಒಲೆಗೆ ಇಟ್ಟ. ಬೆಂಕಿ ಹಚ್ಚಿದ. ಹಳೆಯ ಮರ, ಚೆನ್ನಾಗಿ ಹತ್ತಿಕೊಂಡಿತು. ಆ ಬೆಂಕಿಯ ಮೇಲೆ ಏನೂ ಇಡಬಾರದು. ಅವನಿಗೆ ಗೊತ್ತಿತ್ತು. ಮೂಲೆಯಲ್ಲಿ ನೀರಿನ ಮಡಕೆ ಇತ್ತು, ಕುಂಬಾರನೇ ಮಾಡಿಕೊಟ್ಟದ್ದು. ಎತ್ತಿ ಒಲೆಯ ಮೇಲೆ ಇಟ್ಟ.

ಹಲಗೆ ಉರಿಯಿತು. ಏಳುನೂರು ಉರಿಯಿತು, ಹನ್ನೆರಡು ಉರಿಯಿತು. ನೀರು ಸುಯ್ ಅನ್ನತೊಡಗಿತು. ಮೊಣಕೈ ಅದ್ದಿ ನೋಡಿದ. ಇನ್ನೊಂಚೂರು, ಅಂದುಕೊಂಡ. ಬಗ್ಗಿ ಊದಿದ. ಕೊನೆಯ ಚೂರು ಕೆಂಡವಾಗುವವರೆಗೆ ಊದಿದ. ಮತ್ತೆ ಅದ್ದಿದ. ಈಗ ಸರಿಯಿತ್ತು.

ಎರಡೂ ಕೈಯಲ್ಲಿ ಮಡಕೆ ಎತ್ತಿದ. ಬಲಗೈ ಬೆರಳು ಇನ್ನೂ ಹಲಗೆ ಹಿಡಿದ ಹಾಗೇ ಬಾಗಿದ್ದವು. ಮಡಕೆಗೆ ಅದೇ ಅನುಕೂಲವಾಯಿತು.

ಬೀದಿಯಲ್ಲಿ ನಡೆದ. ಬಾವಿ ದಾಟುವಾಗ ಹೆಸರು ಅವನ ಬಾಯಲ್ಲಿತ್ತು. ಹುಣಸೆಮರ ದಾಟುವಾಗ ಅರ್ಧ ಇತ್ತು. ಕುಂಬಾರನ ಆವಿಗೆಯ ಹತ್ತಿರ ಬರುವಷ್ಟರಲ್ಲಿ ಹಸಿರು ಬಣ್ಣ ಒಂದು ಉಳಿದಿತ್ತು. ಬಾಗಿಲಲ್ಲಿ ಅದೂ ಇರಲಿಲ್ಲ. ಅವನು ನಿಂತ. ಕೈಯಲ್ಲಿ ಬಿಸಿ ಮಡಕೆ.

"ಏನಣ್ಣ ಇದು?" ಕುಂಬಾರ ಕೇಳಿದ.

"ನೀರು."

"ಯಾರು ತರೋಕೆ ಹೇಳಿದ್ರು?"

ಅವನು ಯೋಚಿಸಿದ. ಎಷ್ಟು ಯೋಚಿಸಿದರೂ ಅಲ್ಲಿ ಏನೂ ಸಿಗಲಿಲ್ಲ.

"ಗೊತ್ತಿಲ್ಲ. ಬೇಕಾಗುತ್ತೆ ಅಲ್ವಾ?"

ಒಳಗಿನಿಂದ ಸೂಲಗಿತ್ತಿ ತಿರುಗಿ ನೋಡದೆ ಕೈ ಚಾಚಿದಳು. "ತಾ ಇಲ್ಲಿ." ಮಡಕೆ ಒಳಗೆ ಹೋಯಿತು. ಬಾಗಿಲು ಹಾಕಿದರು.

ಅವನು ಹೊರಗೆ ಕೂತ. ಗಂಡಸರು ಸುತ್ತ ಕೂತಿದ್ದರು. ಇಷ್ಟು ದಿನ ಯಾಕೆ ಸಾಲಲ್ಲಿ ಕೂತಿದ್ದೆವು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು. ಯಾರಿಗೂ ಸರಿಯಾಗಿ ತಿಳಿಯಲಿಲ್ಲ. "ವೀಳ್ಯದೆಲೆ ಮುಗೀತು, ಎದ್ವಿ," ಅಂದ ಓಲಗದವನು. ನಕ್ಕರು.

ಆಮೇಲೆ ಒಳಗೆ ಮಗು ಅತ್ತಿತು.

ಕುಂಬಾರ ತಲೆ ತಗ್ಗಿಸಿ ಎರಡೂ ಕೈ ಮುಖಕ್ಕಿಟ್ಟುಕೊಂಡ. ಹೆಂಗಸರ ಗದ್ದಲ. ಅದರ ನಡುವೆ ಹಾಲಿನವಳ ದನಿ. "ಅದೇನು ಮೊಣಕೈ ಅದ್ದಿ ನೋಡೋದು? ಎಲ್ಲಿ ಕಲಿತ್ಯೇ?"

"ಯಾರೋ..." ಅಂದಳು ಸೂಲಗಿತ್ತಿ. ತಡೆದಳು. "ನಂಗೇ ಬಂತು. ಬಟ್ಟೆ ಕೊಡು, ಮಗು ನಡುಗ್ತಿದೆ."

ಹೆಣ್ಣು ಮಗು. ಸಾಲುಮನೆಯವನು ಹೆಸರು ಕೇಳಿಕೊಂಡು, ತನ್ನ ಮಡಕೆ ಎತ್ತಿಕೊಂಡು ಹಿಂದಿರುಗಿದ. ಹೊಸ ಹಲಗೆ ತೆಗೆದ. ಕೊನೆಯ ಸಂಖ್ಯೆ ಯಾವುದಿತ್ತೋ ಅದರ ಮುಂದಿನ ಸಂಖ್ಯೆ ಕೊರೆದ. ಹೆಸರು ಕೊರೆದ. ಮೊಳೆಗೆ ಹಾಕಿದ. ಗಂಟೆ ಹೊಡೆದ. ಕೆಲಸ ಆಯಿತು.

ಅಭ್ಯಾಸದಂತೆ ಸಾಲಿನ ಮೇಲೆ ಬೆರಳು ಎಳೆಯುತ್ತಾ ಹೋದ. ಏಳುನೂರ ಹತ್ತು. ಏಳುನೂರ ಹನ್ನೊಂದು. ಏಳುನೂರ ಹದಿಮೂರು. ಬೆರಳು ಹಿಂದೆ ಬಂತು. ನಡುವೆ ಬರೀ ಮೊಳೆ. ಗೋಡೆಯಲ್ಲಿ ಹಲಗೆಯ ಅಗಲಕ್ಕೆ ಸುಣ್ಣ ಬೆಳ್ಳಗಿತ್ತು. ಯಾರೋ ಇದ್ದರು. ಸಂಖ್ಯೆ ಅಷ್ಟು ಹೇಳುತ್ತದೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ತನ್ನ ಹಲಗೆ ನೋಡಿದ. ದಾರ ಖಾಲಿ ಗೂಟಕ್ಕೆ ಹೋಗಿತ್ತು. ಅದರ ತುದಿಯ ಹತ್ತಿರ ಒಂದು ಹಳೆಯ ಸುತ್ತು, ಯಾವುದಕ್ಕೋ ಬಹಳ ಕಾಲ ಕಟ್ಟಿದ್ದ ಹಾಗೆ. ಸವರಿ ನೆಟ್ಟಗೆ ಮಾಡಲು ನೋಡಿದ. ಆಗಲಿಲ್ಲ. ಬಿಟ್ಟ.

ಗಾಳಿ ಬಂತು. ಸಾಲುಮನೆ ಮತ್ತೆ ಗುಂಯ್ ಅಂದಿತು.

ಒಲೆಯ ಮುಂದೆ ಕೂತು ಬೂದಿ ಮುಟ್ಟಿದ. ತಣ್ಣಗಾಗಿತ್ತು. ಮಡಕೆಯನ್ನು ಮೂಲೆಗಿಡಲು ಹೋದವನಿಗೆ ತಳದಲ್ಲಿ ಏನೋ ಅಲುಗಿದ ಹಾಗಾಯಿತು. ಮಗುವನ್ನು ಮೀಯಿಸಿ ಉಳಿದ ನೀರು, ಒಂದು ಬೊಗಸೆಯಷ್ಟು.

ಬಲಗೈ ಅದ್ದಿದ. ನೀರು ಇನ್ನೂ ಬಿಸಿ ಇತ್ತು.

ಅವನು ಕೈ ತೆಗೆಯಲಿಲ್ಲ.